ಅಮೆರಿಕದ ಉದಾರವಾದಿಗಳು ಧರ್ಮದ ವಿರೋಧಿಗಳೇ? ಧಾರ್ಮಿಕ ಸಹಿಷ್ಣುತೆಯ ಬಗ್ಗೆ ಅವರ ನಿಲುವೇನು?

ಬಹುಪಾಲು ಉದಾರವಾದಿಗಳ ವಾದ ಧರ್ಮದ ವಿರುದ್ಧವಲ್ಲ. ಸರ್ಕಾರ ಯಾವ ಧರ್ಮದ ಪಕ್ಷವನ್ನೂ ವಹಿಸಬಾರದು ಎಂಬುದು. 1791ರಲ್ಲಿ ಜಾರಿಗೆ ಬಂದ ಸಂವಿಧಾನದ ಮೊದಲ ತಿದ್ದುಪಡಿ, ಅಧಿಕೃತ ಧರ್ಮದ ಸ್ಥಾಪನೆಯನ್ನೂ ಧಾರ್ಮಿಕ ಆಚರಣೆಗೆ ಅಡ್ಡಿಪಡಿಸುವುದನ್ನೂ ಒಟ್ಟಿಗೇ ನಿಷೇಧಿಸುತ್ತದೆ.

ಲೂಯಿಸಿಯಾನಾ ರಾಜ್ಯದ 2024ರ ಕಾನೂನನ್ನು ನೋಡಿ. ಸರ್ಕಾರಿ ಶಾಲೆಗಳ ಪ್ರತಿ ತರಗತಿಯಲ್ಲೂ, ಕನಿಷ್ಠ 11x14 ಇಂಚಿನ ಹಾಳೆಯಲ್ಲಿ, ಸುಲಭವಾಗಿ ಓದಬಲ್ಲ ದೊಡ್ಡ ಅಕ್ಷರಗಳಲ್ಲಿ ಬೈಬಲ್ಲಿನ ಹತ್ತು ಆಜ್ಞೆಗಳನ್ನು ತೂಗುಹಾಕಬೇಕೆಂದು ಅದು ವಿಧಿಸಿತು. ಯಹೂದಿ, ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಸಂಪ್ರದಾಯಗಳು ಈ ಆಜ್ಞೆಗಳನ್ನು ಬೇರೆ ಬೇರೆಯಾಗಿ ವಿಂಗಡಿಸಿ ಎಣಿಸುವುದರಿಂದ, ಅವುಗಳ ಒಂದೇ ರೂಪವನ್ನು ಕಡ್ಡಾಯ ಮಾಡಿದ ಕ್ಷಣವೇ ಸರ್ಕಾರ ಒಂದು ಪಂಥದ ಕಡೆಗೆ ವಾಲಿದಂತಾಗುತ್ತದೆ. ಇದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದ ಪೋಷಕರಲ್ಲಿ ಪ್ರೆಸ್ಬಿಟೇರಿಯನ್ ಎಂಬ ಪ್ರಾಟೆಸ್ಟೆಂಟ್ ಪಂಥದ ಒಬ್ಬ ಪಾದ್ರಿಯೂ ಇದ್ದರೆಂಬುದು ನನ್ನ ದೃಷ್ಟಿಯಲ್ಲಿ ಬಹಳ ಮುಖ್ಯ.

ಮುಸ್ಲಿಮರ ಪ್ರವೇಶವನ್ನೇ ತಡೆಯಬೇಕೆಂದು 2015ರಲ್ಲಿ ಕರೆಕೊಟ್ಟಿದ್ದ ಟ್ರಂಪ್, ಅಧ್ಯಕ್ಷರಾದ ಮೇಲೆ, ಹೆಚ್ಚಾಗಿ ಮುಸ್ಲಿಂ ಬಹುಸಂಖ್ಯಾತ ದೇಶಗಳವರ ಮೇಲೆ ಹೊರಡಿಸಿದ ಪ್ರಯಾಣ ನಿರ್ಬಂಧದ ಮೂರನೆಯ ರೂಪವನ್ನು ಸುಪ್ರೀಂ ಕೋರ್ಟ್ 2018ರಲ್ಲಿ 5-4 ಬಹುಮತದಿಂದ ಎತ್ತಿಹಿಡಿಯಿತು. ಮುಸ್ಲಿಮರ ಬಗ್ಗೆ ಟ್ರಂಪ್ ಆಡಿದ್ದ ಮಾತುಗಳನ್ನು ಬದಿಗಿಟ್ಟು ಆದೇಶವನ್ನು ಓದಲಾಗದು ಎಂಬ ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ಅವರ ಭಿನ್ನಮತವೇ ನನಗೆ ಸರಿಯೆನಿಸುತ್ತದೆ.

ಹಾಗೆಂದು ಸಂಪ್ರದಾಯಸ್ಥ ಕ್ರೈಸ್ತರ ಆತ್ಮಸಾಕ್ಷಿಯನ್ನು ಉದಾರವಾದಿಗಳು ಹಗುರವಾಗಿ ಕಾಣಕೂಡದು: ಧಾರ್ಮಿಕ ಸ್ವಾತಂತ್ರ್ಯವನ್ನು ಬಲಪಡಿಸಿದ 1993ರ ಕೇಂದ್ರ ಕಾಯ್ದೆಗೆ ಸಹಿ ಹಾಕಿದವರು ಉದಾರವಾದಿಗಳು ಹೆಚ್ಚಾಗಿ ಬೆಂಬಲಿಸುವ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಬಿಲ್ ಕ್ಲಿಂಟನ್.