ಅಪಾರ್ಟ್‌ಮೆಂಟಿನ ಖರ್ಚನ್ನೂ ಕೆಲಸವನ್ನೂ ಮಾಲೀಕರು ಹಂಚಿಕೊಳ್ಳುವುದು ಹೇಗೆ?

ನಿಮ್ಮ ಪ್ರಶ್ನೆಯಲ್ಲಿ ಎರಡು ತಕರಾರುಗಳಿವೆ. ಕುಶಾಲನಗರದ ನಿಮ್ಮ ಹನ್ನೆರಡು ಮನೆಗಳ ಕಟ್ಟಡದಲ್ಲಿ ನೆಲಮಹಡಿಯವರು ಲಿಫ್ಟಿಗೂ ತಾರಸಿಯ ದುರಸ್ತಿಗೂ ಹಣ ಕೊಡಲು ಒಪ್ಪುತ್ತಿಲ್ಲ ಎಂಬುದು ಒಂದು. ಬೆಂಗಳೂರಿನಲ್ಲೂ ಹೊರದೇಶದಲ್ಲೂ ನೆಲೆಸಿರುವ ಮಾಲೀಕರು ಯಾವ ಕೆಲಸಕ್ಕೂ ಸಿಗದೆ ಊರಿನಲ್ಲಿರುವ ಇಬ್ಬರ ಮೇಲೆಯೇ ಭಾರವೆಲ್ಲ ಬಿದ್ದಿದೆ ಎಂಬುದು ಇನ್ನೊಂದು. ಮಡಿಕೇರಿಯಲ್ಲಿ ಸುಮಾರು ಇಷ್ಟೇ ದೊಡ್ಡದಾದ ಕಟ್ಟಡವೊಂದರ ಕಾರ್ಯದರ್ಶಿಯಾಗಿರುವ ನನಗೆ ತೋರುವಂತೆ, ಮೊದಲನೆಯದಕ್ಕೆ ಕಾನೂನಿನಲ್ಲೇ ಉತ್ತರವಿದೆ. ಎರಡನೆಯದನ್ನು ನೀವೇ ಕುಳಿತು ತೀರ್ಮಾನಿಸಿಕೊಳ್ಳಬೇಕು.

1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ, ಕಟ್ಟಡವನ್ನು ಆ ಕಾಯ್ದೆಗೆ ಒಳಪಡಿಸಲು ನೋಂದಾಯಿಸುವ ಘೋಷಣಾ ಪತ್ರದಲ್ಲಿ (ಡೀಡ್ ಆಫ್ ಡಿಕ್ಲರೇಷನ್) ಪ್ರತಿ ಮನೆಗೂ ಲಿಫ್ಟು, ತಾರಸಿಯಂಥ ಸಾಮಾನ್ಯ ಸ್ವತ್ತಿನಲ್ಲಿ ಶೇಕಡಾವಾರು ಅವಿಭಾಜ್ಯ ಪಾಲು ನಮೂದಾಗಿರುತ್ತದೆ ಮತ್ತು ಸಾಮಾನ್ಯ ಖರ್ಚನ್ನು ಆ ಪಾಲಿಗೆ ತಕ್ಕಂತೆ ಹಂಚಬೇಕು. ಎಲ್ಲ ಮಾಲೀಕರೂ ಒಪ್ಪಿ ಘೋಷಣಾ ಪತ್ರವನ್ನೇ ತಿದ್ದದ ಹೊರತು ಆ ಪ್ರಮಾಣ ಬದಲಾಗದು. ‘ನಾನು ಲಿಫ್ಟ್ ಹತ್ತುವುದಿಲ್ಲ’ ಎಂಬ ಕಾರಣಕ್ಕೆ ಯಾರೂ ತಮ್ಮ ಪಾಲಿನಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದು ಅದೇ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಹಾಗಾಗಿ ನಿಮ್ಮ ಕಟ್ಟಡಕ್ಕೆ ಘೋಷಣಾ ಪತ್ರ ಇದೆಯೇ ಎಂಬುದನ್ನು ಮೊದಲು ನೋಡಿ, ಇದ್ದರೆ ಅದರ ಒಂದೊಂದು ನಕಲನ್ನು ಎಲ್ಲರ ಕೈಗೂ ಕೊಡಿ.

ತಾರಸಿಯ ವಿಷಯದಲ್ಲಂತೂ ಕೊಡಗಿನಲ್ಲಿ ವಾದಕ್ಕೇ ಅವಕಾಶವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆಯಲ್ಲಿ ಮೇಲ್ಮಹಡಿಯ ಚಾವಣಿಯಿಂದ ಇಳಿದ ನೀರು ಗೋಡೆಯ ಒಳಗೇ ಹರಿದು ಕೆಳಗಿನ ಮನೆಯ ಸ್ವಿಚ್‌ಬೋರ್ಡ್‌ವರೆಗೆ ಬರುತ್ತದೆ. ತಾರಸಿಯ ಮೇಲೆ ಶೀಟ್ ಹೊದಿಸುವ ಖರ್ಚು ಇಡೀ ಕಟ್ಟಡವನ್ನು ಉಳಿಸುವ ಖರ್ಚು. ಇಂತಹ ದೊಡ್ಡ ದುರಸ್ತಿಗಾಗಿ ತಿಂಗಳ ಮೇಂಟೆನೆನ್ಸ್‌ನಿಂದ ಪ್ರತ್ಯೇಕವಾದ ನಿಧಿಯೊಂದನ್ನು ಕೂಡಿಡುವುದು ಒಳ್ಳೆಯದು. ಮೇ ತಿಂಗಳಲ್ಲಿ ಇದ್ದಕ್ಕಿದ್ದಂತೆ ದೊಡ್ಡ ಮೊತ್ತ ಕೇಳಿದರೆ ಸಜ್ಜನರೂ ಸಿಡುಕುತ್ತಾರೆ. ಒಂದೊಂದು ಮನೆಯೊಳಗೆ ಬಳಕೆಯಾಗುವ ನೀರು ಮತ್ತು ಜನರೇಟರಿನ ವಿದ್ಯುತ್ತಿಗೆ ಮಾತ್ರ ಬೇರೆ ಮೀಟರ್ ಇಡಿಸಿ. ಫ್ಲಾಟನ್ನು ಪ್ರವಾಸಿಗರಿಗೆ ಬಾಡಿಗೆಗೆ ಬಿಡುವವರ ಮೇಲಿನ ಅರ್ಧ ಸಿಟ್ಟು ಅಲ್ಲಿಗೇ ಇಳಿಯುತ್ತದೆ.

ಇನ್ನು ಕೆಲಸದ ಮಾತು. ಊರಿನಲ್ಲಿಲ್ಲದವರಿಂದ ಹೆಚ್ಚು ಹಣ ವಸೂಲು ಮಾಡಬೇಕೆಂಬ ನಿಮ್ಮ ಸಲಹೆಯನ್ನು ನಾನು ಒಪ್ಪುವುದಿಲ್ಲ. ಗೈರುಹಾಜರಿಗೆ ದಂಡ ಹಾಕಿದ ಕಡೆ ಹಣವೂ ಬರುವುದಿಲ್ಲ, ಮಾತೂ ನಿಲ್ಲುತ್ತದೆ. ದುಡಿಯುವವರಿಗೆ ಮೇಂಟೆನೆನ್ಸ್ ಮನ್ನಾ ಮಾಡುವುದೂ ಬೇಡ, ಏಕೆಂದರೆ ಅದು ಕಾಯ್ದೆ ಹೇಳುವ ಪಾಲಿನ ಲೆಕ್ಕವನ್ನೇ ಕೆಡಿಸುತ್ತದೆ. ಅದರ ಬದಲು ಆ ಇಬ್ಬರು ಮಾಡುತ್ತಿರುವುದನ್ನೆಲ್ಲ, ಸಂಪ್ ತೊಳೆಸುವುದರಿಂದ ಹಿಡಿದು ಕರೆಂಟು ಹೋದ ರಾತ್ರಿ ಜನರೇಟರಿಗೆ ಡೀಸೆಲ್ ತರಿಸುವವರೆಗೆ, ಒಂದು ಹಾಳೆಯಲ್ಲಿ ಬರೆದು, ಸಂಬಳಕ್ಕೆ ಆಳು ಇಟ್ಟರೆ ಇದಕ್ಕೆಷ್ಟು ಖರ್ಚಾದೀತು ಎಂದು ಪಕ್ಕದಲ್ಲೇ ನಮೂದಿಸಿ. ಆ ಹಾಳೆಯನ್ನು ಸಭೆಯ ಮುಂದಿಟ್ಟ ಮೇಲೆ ‘ಅವರು ಮಾಡುವುದಾದರೂ ಏನು’ ಎಂಬ ಪ್ರಶ್ನೆ ಏಳುವುದಿಲ್ಲ.

ಆ ಕೆಲಸಗಳಲ್ಲಿ ಸ್ಥಳದಲ್ಲೇ ಇದ್ದು ಮಾಡಬೇಕಾದವು ನೀವು ಎಣಿಸಿದ್ದಕ್ಕಿಂತ ಕಡಿಮೆ. ಲೆಕ್ಕ ಬರೆಯುವುದು, ಸೆಸ್ಕ್‌ನ ವಿದ್ಯುತ್ ಬಿಲ್ ಕಟ್ಟುವುದು, ನಡಾವಳಿ ಸಿದ್ಧಪಡಿಸುವುದು, ಲಿಫ್ಟ್ ಕಂಪನಿಯೊಡನೆ ಪತ್ರವ್ಯವಹಾರ ಮಾಡುವುದು ಇವನ್ನೆಲ್ಲ ಹೊರದೇಶದಲ್ಲಿರುವವರೂ ಮಾಡಬಲ್ಲರು. ಹೆಸರಿಟ್ಟು, ಒಂದು ವರ್ಷಕ್ಕೆಂದು ವಹಿಸಿದರೆ ಹೆಚ್ಚಿನವರು ಒಪ್ಪುತ್ತಾರೆ. ಉಳಿದದ್ದರಲ್ಲಿ ಮಳೆಗಾಲಕ್ಕೆ ಮುಂಚಿನ ಚರಂಡಿ ಶುಚಿ, ಪಾಚಿ ಕೆರೆಸುವಿಕೆ ಮುಂತಾದವನ್ನು ಕೂಲಿ ಕೊಟ್ಟು ಮಾಡಿಸಿ. ವಯಸ್ಸಾದವರು ಏಣಿ ಹತ್ತುವುದನ್ನು ಸೇವೆಯೆಂದು ಹೊಗಳುವುದು ನನಗೆ ಸರಿಕಾಣದು. ಆಗಲೂ ಉಳಿಯುವ ಮೇಲ್ವಿಚಾರಣೆಗೆ ಸಭೆಯೇ ಗೌರವಧನ ಗೊತ್ತುಮಾಡಿ ಸಾಮಾನ್ಯ ಖರ್ಚಿನಲ್ಲಿ ಸೇರಿಸಲಿ. ಆಗ ಕೆಲಸ ಮಾಡದ ಮಾಲೀಕರೂ ತಮ್ಮ ಪಾಲನ್ನು ಹಣದ ರೂಪದಲ್ಲಿ ಕೊಟ್ಟಂತಾಗುತ್ತದೆ. ಹಣ ಪಡೆಯಲು ಸಂಕೋಚವಿರುವವರು ಅದನ್ನು ದುರಸ್ತಿ ನಿಧಿಗೆ ಬಿಟ್ಟುಕೊಡಬಹುದು, ಆದರೆ ಗೊತ್ತುಮಾಡುವುದನ್ನು ಮಾತ್ರ ಬಿಡಬೇಡಿ.

ಸಭೆಯನ್ನು ಕಾಫಿ ಕೊಯ್ಲಿನ ಡಿಸೆಂಬರ್‌ನಿಂದ ಫೆಬ್ರವರಿಯ ನಡುವೆ ಕರೆದರೆ ತೋಟವಿರುವವರು ಬರುವುದಿಲ್ಲ. ಶಾಲೆಗೆ ರಜೆಯಿರುವ ಏಪ್ರಿಲ್‌ನಲ್ಲಿ ಕರೆಯಿರಿ, ದೂರದವರನ್ನು ವಿಡಿಯೋ ಕರೆಯಲ್ಲಿ ಸೇರಿಸಿಕೊಳ್ಳಿ. ತಾರಸಿಯ ಕೆಲಸಕ್ಕೂ ಮಳೆಗೆ ಮುಂಚೆ ಒಂದು ತಿಂಗಳು ಸಿಗುತ್ತದೆ.