ಹೆಸರು ನಾಯಕನದು, ಆಳುಗಳು ಎಲ್ಲೆಲ್ಲಿಂದಲೋ

ಪ್ರಶ್ನೆ: ಎರಡನೇ ಮಹಾಯುದ್ಧದ ಬಗ್ಗೆ ಓದುವಾಗ ‘ಕಾಂಪ್ಫ್‌ಗ್ರುಪ್ಪೆ ಸ್ಪಿಂಡ್ಲರ್’, ‘ಕಾಂಪ್ಫ್‌ಗ್ರುಪ್ಪೆ ಕ್ನೌಸ್ಟ್’ ಅಂತೆಲ್ಲ ಬರುತ್ತದೆ. ಇದು ಬೆಟಾಲಿಯನ್ನೋ, ರೆಜಿಮೆಂಟೋ? ಎಷ್ಟು ಜನ ಇರುತ್ತಿದ್ದರು? ಮನುಷ್ಯರ ಹೆಸರು ಯಾಕೆ?
– ಪದವಿ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಎರಡೂ ಅಲ್ಲ. ಜರ್ಮನ್ ಭಾಷೆಯಲ್ಲಿ ಕಾಂಪ್ಫ್ ಎಂದರೆ ಕಾದಾಟ, ಗ್ರುಪ್ಪೆ ಎಂದರೆ ಗುಂಪು. ಒಂದು ಕೆಲಸಕ್ಕೆಂದು ಆ ಹೊತ್ತಿಗೆ ಕೈಗೆ ಸಿಕ್ಕ ಕಾಲಾಳು, ಟ್ಯಾಂಕು, ಫಿರಂಗಿ, ಎಂಜಿನಿಯರುಗಳನ್ನು ಒಬ್ಬ ಅಧಿಕಾರಿಯ ಕೈಕೆಳಗೆ ಸೇರಿಸುತ್ತಿದ್ದರು. ಕೆಲಸ ಮುಗಿದರೆ ಗುಂಪೂ ಮುಗಿಯಿತು. ಅಂಥದ್ದಕ್ಕೆ ಕಾಯಂ ನಂಬರ್ ಕೊಡೋಕಾಗಲ್ಲ, ಅಲ್ವಾ? ಅದಕ್ಕೇ ಹೆಚ್ಚಾಗಿ ನಾಯಕನ ಹೆಸರಿನಿಂದಲೇ ಕರೆಯುತ್ತಿದ್ದರು. ಕೆಲವು ಗುಂಪುಗಳಲ್ಲಿ ನೂರಿನ್ನೂರು ಜನ, ಕೆಲವುಗಳಲ್ಲಿ ನಾಲ್ಕೈದು ಸಾವಿರ.

ನೀವು ಕೇಳಿದ ಎರಡು ಹೆಸರೂ ಹಾಲೆಂಡಿನ ಆರ್ನೆಮ್ ಕದನದವು. ನನ್ನ ಮಗಳು ಐಂಡ್‌ಹೋವನ್‌ನಲ್ಲಿ ಕೆಲಸದಲ್ಲಿದ್ದಾಳೆ. 2019ರ ಸೆಪ್ಟೆಂಬರ್‌ನಲ್ಲಿ ಅವಳ ಮನೆಗೆ ಹೋದಾಗ ಅಲ್ಲೆಲ್ಲ ಆ ಕದನದ 75ನೇ ವರ್ಷದ ಸ್ಮರಣೆ ನಡೆಯುತ್ತಿತ್ತು. ನಾನೂ ಒಂದು ದಿನ ರೈಲು ಹಿಡಿದು ಆರ್ನೆಮ್‌ಗೆ ಹೋದೆ. ಓಸ್ಟರ್‌ಬೀಕ್‌ನಿಂದ ರೈನ್ ನದಿಯ ಪಕ್ಕದ ಕೆಳಗಿನ ರಸ್ತೆಯಲ್ಲೇ ಆರ್ನೆಮ್ ಸೇತುವೆವರೆಗೆ ನಡೆದೆ. ಕದನ ನಡೆದದ್ದೇ ಆ ಸೇತುವೆಗಾಗಿ. ಮೂವತ್ತೊಂದು ವರ್ಷ ಇತಿಹಾಸ ಪಾಠ ಮಾಡಿದವನಿಗೆ ಮ್ಯಾಪಿನಲ್ಲಿ ಕಾಣದ್ದು ಆ ನಡಿಗೆಯಲ್ಲಿ ಕಂಡಿತು. ಊರಿಗೂ ಬ್ರಿಟಿಷ್ ಪ್ಯಾರಾಚೂಟ್ ಪಡೆಯ ಇಳಿದಾಣಕ್ಕೂ ನಡುವೆ ತುಂಬಾ ಮರ, ತುಂಬಾ ಮನೆ. ತಡೆಯೋರಿಗೆ ಅಡಗಲು ಎಷ್ಟು ಬೇಕೋ ಅಷ್ಟು ಜಾಗ.

1944ರ ಸೆಪ್ಟೆಂಬರ್ 17, ಭಾನುವಾರ. ಸೇತುವೆ ಹಿಡಿಯಲೆಂದು ಬ್ರಿಟಿಷರ 1ನೇ ಏರ್‌ಬೋರ್ನ್ ಡಿವಿಷನ್ (ಆಕಾಶದಿಂದ ಇಳಿಯುವ, ಸಾವಿರಾರು ಸಿಪಾಯಿಗಳ ಪಡೆ) ಸೇತುವೆಯಿಂದ ಹನ್ನೆರಡು ಕಿಲೋಮೀಟರ್‌ನಷ್ಟು ಪಶ್ಚಿಮಕ್ಕೆ ಇಳಿಯಿತು. ಆಗ ಹತ್ತಿರದಲ್ಲಿದ್ದ ಜರ್ಮನ್ನರ 9ನೇ ಎಸ್‌ಎಸ್ ಪ್ಯಾಂಜರ್ ಡಿವಿಷನ್, ಅಂದರೆ ನಾಜಿ ಪಕ್ಷದ ಸ್ವಂತ ಸೇನೆಯಾದ ಎಸ್‌ಎಸ್‌ನ ಟ್ಯಾಂಕ್ ಡಿವಿಷನ್, ಹೆಸರಿಗೆ ಮಾತ್ರ ಡಿವಿಷನ್. ನಾರ್ಮಂಡಿಯಲ್ಲಿ ಸೋತು ಸವೆದಿತ್ತು, ರಿಪೇರಿಗೆ ಜರ್ಮನಿಗೆ ಹೊರಟು ನಿಂತಿತ್ತು. ಲುಡ್ವಿಗ್ ಸ್ಪಿಂಡ್ಲರ್ ಅದರ ಫಿರಂಗಿ ದಳದವನು. ಅವನ ಕೈಲಿದ್ದವರು ಫಿರಂಗಿಯೇ ಇಲ್ಲದ ಫಿರಂಗಿ ಸಿಪಾಯಿಗಳು. ಅವರ ಕೈಗೆ ಬಂದೂಕು ಕೊಟ್ಟು ಕಾಲಾಳುಗಳ ಹಾಗೆ ರಸ್ತೆಗೆ ಅಡ್ಡ ನಿಲ್ಲಿಸಿದ. ಆಮೇಲೆ ಸಿಕ್ಕಸಿಕ್ಕ ತುಂಡು ಪಡೆಗಳೆಲ್ಲ ಅವನ ಕೆಳಗೆ ಬಂದವು. ಇದಕ್ಕೂ ಮೊದಲೇ ಸೆಪ್ ಕ್ರಾಫ್ಟ್ ಎಂಬವನ ತರಬೇತಿ ಬೆಟಾಲಿಯನ್ ವೋಲ್ಫ್‌ಹೇಜ಼ೆ ಹತ್ತಿರದ ಕಾಡಿನಲ್ಲಿತ್ತು. ನಾನೂರು ಚಿಲ್ಲರೆ ಜನ, ಇನ್ನೂ ಕಲಿಯುತ್ತಿದ್ದವರು. ಅವರು ಆ ಮಧ್ಯಾಹ್ನ ತಡೆದದ್ದರಿಂದ ಸ್ಪಿಂಡ್ಲರ್‌ಗೆ ಸಮಯ ಸಿಕ್ಕಿತು. ಕ್ನೌಸ್ಟ್ ಬಂದದ್ದು ಮರುದಿನ. ಪೂರ್ವ ರಣರಂಗದಲ್ಲಿ ಒಂದು ಕಾಲು ಕಳೆದುಕೊಂಡು ಮರದ ಕಾಲಿನಲ್ಲಿ ನಡೆಯುತ್ತಿದ್ದ ಮೇಜರ್. ಅವನ ಜೊತೆ ಬಂದದ್ದು ತರಬೇತಿಗೆ ಬಳಸುತ್ತಿದ್ದ ಹಳೇ ಟ್ಯಾಂಕುಗಳು.

ಸೇತುವೆಗೆ ಹೊರಟ ಮೂರು ಬ್ರಿಟಿಷ್ ಬೆಟಾಲಿಯನ್‌ಗಳಲ್ಲಿ ಹೆಚ್ಚುಕಡಿಮೆ ಪೂರ್ತಿಯಾಗಿ ತಲುಪಿದ್ದು ಒಂದೇ, ಜಾನ್ ಫ್ರಾಸ್ಟ್ ಅವರದು. ನಾನು ನಡೆದ ಆ ಕೆಳಗಿನ ರಸ್ತೆಯಲ್ಲೇ ಅವರು ನುಸುಳಿದ್ದು. ಉಳಿದೆರಡು ದಾರಿ ಮುಚ್ಚಿಹೋಗಿದ್ದವು. ಇಲ್ಲೊಂದು ಮಾತು ಹೇಳಲೇಬೇಕು. ಫ್ರಾಸ್ಟ್ ಜೊತೆ ಸೇತುವೆಯ ಉತ್ತರ ತುದಿಯಲ್ಲಿ ನಿಂತ ಸುಮಾರು 740 ಜನರೂ ಒಂದೇ ಪಡೆಯವರಲ್ಲ. ಎಂಜಿನಿಯರುಗಳು, ಸಾಮಾನು ಸಾಗಿಸೋರು, ಬ್ರಿಗೇಡ್ ಕಚೇರಿಯವರು ಎಲ್ಲ ಇದ್ದರು. ಅವರು 21ರ ಬೆಳಿಗ್ಗೆವರೆಗೆ ಕಾದಾಡಿದರು. ಅದಕ್ಕೆ ಯಾರೂ ಜರ್ಮನ್ ಹೆಸರು ಕೊಡಲಿಲ್ಲ ಅಷ್ಟೆ, ಅದೂ ಅದೇ ಜಾತಿಯ ಗುಂಪು.

ಪ್ರಶ್ನೆ: ಒಬ್ಬರ ಮುಖ ಇನ್ನೊಬ್ಬರು ನೋಡಿರದ ಸಿಪಾಯಿಗಳು ಒಂದೇ ದಿನದಲ್ಲಿ ಒಟ್ಟಾಗಿ ಹೋರಾಡೋದು ಹೇಗೆ ಸಾಧ್ಯ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಗದಗ

ಉತ್ತರ: ನೀವು ಚುನಾವಣೆ ಡ್ಯೂಟಿ ಮಾಡಿರಬೇಕು. ನಾನು ಆರು ಸಲ ಮಾಡಿದ್ದೇನೆ. ಮಸ್ಟರಿಂಗ್ ಸೆಂಟರ್‌ನಲ್ಲಿ ಬೆಳಿಗ್ಗೆ ಒಬ್ಬರು ಹೈಸ್ಕೂಲ್ ಮೇಷ್ಟ್ರು, ಒಬ್ಬರು ನೀರಾವರಿ ಇಲಾಖೆಯ ಗುಮಾಸ್ತರು, ಒಬ್ಬರು ಅಂಗನವಾಡಿ ಕಡೆಯವರು ಮೊದಲ ಸಲ ಭೇಟಿ ಆಗುತ್ತೇವೆ. ಮಾರನೇ ದಿನ ಒಂದು ಹಳ್ಳಿಯ ಮತದಾನ ನಡೆಸಿ ಮುಗಿಸುತ್ತೇವೆ. ಎಲ್ಲರಿಗೂ ಅದೇ ತರಬೇತಿ, ಅದೇ ಫಾರಂ, ಇಂಥವರದು ಇಂಥ ಕೆಲಸ ಅನ್ನೋದು ಗೊತ್ತು. ಅದಿಲ್ಲದಿದ್ದರೆ ಎಂಟು ಗಂಟೆಗೇ ಗಲಾಟೆ.

ಜರ್ಮನ್ ಸೇನೆಯಲ್ಲೂ ಹಾಗೇ. ಮೊದಲ ಮಹಾಯುದ್ಧದ ನಂತರದ ವರ್ಸೈ ಒಪ್ಪಂದದ ಪ್ರಕಾರ ಅವರ ಸೇನೆ ಒಂದು ಲಕ್ಷ ಮೀರುವಂತಿರಲಿಲ್ಲ. ಅದರ ಮುಖ್ಯಸ್ಥ ಹಾನ್ಸ್ ಫಾನ್ ಸೀಕ್ಟ್ ಆ ಚಿಕ್ಕ ಸೇನೆಯಲ್ಲಿ ಪ್ರತಿಯೊಬ್ಬನಿಗೂ ಅವನ ಮೇಲಿನವನ ಕೆಲಸ ಕಲಿಸಿದರು. ಅಧಿಕಾರಿಗೆ ‘ಈ ರಸ್ತೆ ತಡೆ’ ಅಂತ ಹೇಳುತ್ತಿದ್ದರು, ಹೇಗೆ ತಡೀಬೇಕು ಅನ್ನೋದು ಅವನಿಗೆ ಬಿಟ್ಟದ್ದು. ಸ್ಪಿಂಡ್ಲರ್ ಆ ಭಾನುವಾರ ಮಾಡಿದ್ದು ಜಾದೂ ಅಲ್ಲ. ಅದರ ಹಿಂದೆ ಇಪ್ಪತ್ತು ವರ್ಷದ ಅಭ್ಯಾಸ ಇತ್ತು.

ಆದರೆ ತರಬೇತಿ ಇಲ್ಲದವರನ್ನು ಸೇರಿಸಿದಾಗ ಏನಾಗುತ್ತಿತ್ತು ಅನ್ನೋದೂ ಆರ್ನೆಮ್‌ನಲ್ಲೇ ಕಾಣುತ್ತದೆ. ಪಶ್ಚಿಮದಿಂದ ಜರ್ಮನ್ ಜನರಲ್ ಫಾನ್ ಟೆಟ್ಟೌ ತಂದ ಗುಂಪಿನಲ್ಲಿ ಹಡಗಿನವರು, ವಿಮಾನದಳದ ನೆಲದ ಸಿಬ್ಬಂದಿ, ಕೈದಿಗಳ ಶಿಬಿರ ಕಾಯುತ್ತಿದ್ದ ಒಂದು ಬೆಟಾಲಿಯನ್ ಇತ್ತು. ಆ ಕಾವಲು ಬೆಟಾಲಿಯನ್ ಪುಡಿಪುಡಿಯಾಯಿತು. ನೌಕೆಯ ಹುಡುಗರನ್ನು ಕಾಲಾಳು ಅಂತ ಮುಂದೆ ತಳ್ಳಿದ್ದು ಅಂದರೆ ಸೇನೆಯ ಬಡತನ, ಜಾಣತನ ಅಲ್ಲ. ಇದನ್ನು ಮರೆತು ಹೊಗಳೋದು ನನಗೆ ಬೇಸರ ತರುತ್ತದೆ.

ಪ್ರಶ್ನೆ: ಇದು ಅಷ್ಟು ಒಳ್ಳೆಯ ಉಪಾಯವಾದರೆ ಬ್ರಿಟಿಷರು ಯಾಕೆ ಮಾಡಲಿಲ್ಲ?
– ಓದುಗರು, ಹಾಸನ

ಉತ್ತರ: ಮಾಡಿದರು. ಉತ್ತರ ಆಫ್ರಿಕಾದ ಮರಳುಗಾಡಿನಲ್ಲಿ ಜಾಕ್ ಕ್ಯಾಂಪ್‌ಬೆಲ್ ಎಂಬ ಅಧಿಕಾರಿಯ ಹೆಸರಿನ ‘ಜಾಕ್ ಕಾಲಂ’ಗಳಿದ್ದವು. ಒಂದಿಷ್ಟು ಫಿರಂಗಿ, ಒಂದಿಷ್ಟು ಕಾಲಾಳು, ಲಾರಿಗಳು. ಶತ್ರುವನ್ನು ಕೆಣಕಲು ಸಾಕಾಗುತ್ತಿತ್ತು, ತಡೆಯಲು ಸಾಲುತ್ತಿರಲಿಲ್ಲ. ಜರ್ಮನ್ನರು ಚದುರಿದ್ದನ್ನು ಒಂದೆಡೆ ಸೇರಿಸುತ್ತಿದ್ದರು. ಇವರು ಒಟ್ಟಿಗಿದ್ದದ್ದನ್ನೇ ಚದುರಿಸಿದರು.

ಇದರಲ್ಲಿ ನಮ್ಮವರಿಗೂ ಪೆಟ್ಟು ಬಿದ್ದಿದೆ. 4ನೇ ಭಾರತೀಯ ಡಿವಿಷನ್ ಮುಖ್ಯಸ್ಥ ಫ್ರಾನ್ಸಿಸ್ ಟಕರ್ ತಮ್ಮ ಪಡೆಯನ್ನು ಹರಿದು ಹಂಚಬೇಡಿ ಅಂತ ಬೇಡಿಕೊಂಡಿದ್ದರು. ಆದರೂ 1942ರಲ್ಲಿ ಅದರ ಒಂದು ಬ್ರಿಗೇಡ್ ಸೈಪ್ರಸ್‌ಗೆ, ಇನ್ನೊಂದು, ಅಂದರೆ 11ನೇ ಬ್ರಿಗೇಡ್, ಲಿಬಿಯಾದ ಬಂದರು ಟೋಬ್ರುಕ್‌ಗೆ ಹೋಯಿತು. ಜೂನ್ 20ರ ಬೆಳಿಗ್ಗೆ ಜರ್ಮನ್ ಸೇನಾಪತಿ ರೊಮೆಲ್ ಅಲ್ಲಿ ಮುರಿದದ್ದು ರಕ್ಷಣಾ ಸಾಲಿನ ಆಗ್ನೇಯ ಮೂಲೆಯನ್ನು. ಅಲ್ಲಿ ಇದ್ದದ್ದು ಮರಾಠಾ ಲೈಟ್ ಇನ್‌ಫೆಂಟ್ರಿಯ 2ನೇ ಬೆಟಾಲಿಯನ್. ಮರುದಿನ ಟೋಬ್ರುಕ್ ಶರಣಾಯಿತು, ಸುಮಾರು 33,000 ಜನ ಸೆರೆಯಾದರು. ಆ ರೆಜಿಮೆಂಟಿನ ಕೇಂದ್ರ ನಮ್ಮ ಬೆಳಗಾವಿಯಲ್ಲೇ ಇದೆ. ಕ್ಯಾಂಪ್ ಕಡೆ ಸಂಜೆ ವಾಕಿಂಗ್ ಹೋದಾಗಲೆಲ್ಲ ನನಗೆ ಆ ಮೂಲೆ ನೆನಪಾಗುತ್ತದೆ. ಅದೇ ಆಗಸ್ಟ್‌ನಲ್ಲಿ ಬ್ರಿಟಿಷ್ ಸೇನೆಯ ಹೊಸ ಮುಖ್ಯಸ್ಥರಾಗಿ ಮಾಂಟ್‌ಗೊಮರಿ ಬಂದು, ಇನ್ನು ಡಿವಿಷನ್‌ಗಳು ಡಿವಿಷನ್‌ಗಳಾಗಿಯೇ ಹೋರಾಡಬೇಕು ಎಂದರು.

ಪ್ರಶ್ನೆ: ಯೋಹಾಕಿಮ್ ಪೈಪರ್ ಮಹಾನ್ ಟ್ಯಾಂಕ್ ನಾಯಕ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ನಿಮ್ಮ ಅಭಿಪ್ರಾಯ?
– ಪಿಯುಸಿ ವಿದ್ಯಾರ್ಥಿ, ಮಂಡ್ಯ

ಉತ್ತರ: ಮಗೂ, ನಾನು ಒಪ್ಪಲ್ಲ. 1944ರ ಡಿಸೆಂಬರ್‌ನಲ್ಲಿ ಬೆಲ್ಜಿಯಂನ ಆರ್ಡೆನ್ ಬೆಟ್ಟಗಳಲ್ಲಿ ಈ ಎಸ್‌ಎಸ್ ಅಧಿಕಾರಿಯ ಹೆಸರಿನ ಕಾಂಪ್ಫ್‌ಗ್ರುಪ್ಪೆ ಮ್ಯೂಸ್ ನದಿಯ ಸೇತುವೆಗಳಿಗೆ ಹೊರಟಿತ್ತು. ಸುಮಾರು 4,800 ಜನ, ಆದರೆ ಸಾಕಷ್ಟು ಪೆಟ್ರೋಲ್ ಇರಲಿಲ್ಲ. 18ರಂದು ತ್ರಾ-ಪೋನ್‌ನಲ್ಲಿ ಅಮೆರಿಕದ ಎಂಜಿನಿಯರುಗಳು ಅವನ ಕಣ್ಣೆದುರೇ ಸೇತುವೆ ಉಡಾಯಿಸಿದರು. ಲಾ ಗ್ಲೇಜ಼್ ಎಂಬ ಹಳ್ಳಿಯಲ್ಲಿ ಸಿಕ್ಕಿಬಿದ್ದು, 24ರ ನಸುಕಿನಲ್ಲಿ ವಾಹನಗಳನ್ನೆಲ್ಲ ಬಿಟ್ಟು ಸುಮಾರು 800 ಜನರೊಂದಿಗೆ ನಡೆದೇ ಪಾರಾದ. ಬಿಟ್ಟುಹೋದ ಒಂದು ಟೈಗರ್-2 ಟ್ಯಾಂಕ್ ಇವತ್ತಿಗೂ ಆ ಊರಿನ ಮ್ಯೂಸಿಯಂ ಮುಂದೆ ಇದೆ. ವಿಡಿಯೋಗಳಲ್ಲಿ ತೋರಿಸೋದು ಅದನ್ನೇ.

ಆದರೆ 17ರಂದು ಮಾಲ್ಮೆಡಿ ಹತ್ತಿರದ ಬೊನ್ಯೇ ಕೂಡುರಸ್ತೆಯಲ್ಲಿ ಅವನ ಜನ ಶರಣಾದ 84 ಅಮೆರಿಕನ್ ಸಿಪಾಯಿಗಳನ್ನು ಹೊಲದಲ್ಲಿ ನಿಲ್ಲಿಸಿ ಕೊಂದರು. ಸ್ಟಾವ್ಲೋ ಸುತ್ತಮುತ್ತ ನೂರಕ್ಕೂ ಹೆಚ್ಚು ಊರವರನ್ನು ಕೊಂದರು, ಹೆಂಗಸರು ಮಕ್ಕಳು ಅಂತ ನೋಡಲಿಲ್ಲ. 1946ರಲ್ಲಿ ಡಾಕಾವ್‌ನಲ್ಲಿ ನಡೆದ ವಿಚಾರಣೆಯಲ್ಲಿ ಪೈಪರ್‌ಗೆ ಗಲ್ಲು ಶಿಕ್ಷೆಯಾಯಿತು, ಆಮೇಲೆ ಅದನ್ನು ಇಳಿಸಿದರು, 1956ರಲ್ಲಿ ಹೊರಬಂದ. ಬೊನ್ಯೇಯಲ್ಲಿ ಆ 84 ಜನರ ಸ್ಮಾರಕ ಇದೆ. ನೀವು ನೋಡಿದ ವಿಡಿಯೋದಲ್ಲಿ ಅದು ಬಂದಿತ್ತಾ?