ಕೂತಿದ್ದೇನೆ, ಕೂರುತ್ತಿದ್ದೇನೆ: ಕೊರಿಯನ್‌ನಲ್ಲಿ ಹೇಗೆ?

ಪ್ರಶ್ನೆ: ಧಾರಾವಾಹಿ ನೋಡಿ ನೋಡಿ ಕೊರಿಯನ್ ಕಲಿಯೋ ಹುಚ್ಚು ಹಿಡಿದಿದೆ. ನಡೆಯುತ್ತಿರುವ ಕೆಲಸಕ್ಕೆ ‘ಕೊ ಇಸ್ಸೊಯೊ’ ಸೇರಿಸಬೇಕು ಅಂತ ಓದಿದೆ. ‘ಕುರ್ಚಿಯಲ್ಲಿ ಕೂತಿದ್ದೇನೆ’ ಅನ್ನೋದಕ್ಕೆ ‘ಆನ್ಕೊ ಇಸ್ಸೊಯೊ’ ಅಂತ ಬರೆದರೆ ಆ್ಯಪ್ ತಪ್ಪು ಅನ್ನುತ್ತಿದೆ. ಯಾಕೆ?
– ಓದುಗರೊಬ್ಬರು, ಹಾಸನ

ಉತ್ತರ: ನೀವು ಇಂಗ್ಲಿಷ್ ದಾರಿ ಹಿಡಿದು ಹೋಗಿದ್ದೀರಿ. ನನ್ನ ತರಗತಿಯಲ್ಲೂ ಜಾಸ್ತಿ ಜನ ಮುಗ್ಗರಿಸೋದು ಇಲ್ಲೇ. ಕನ್ನಡದಲ್ಲೇ ಯೋಚಿಸಿ. ಕೂತಾದ ಮೇಲೆ ನಾವು ‘ಕೂರುತ್ತಿದ್ದೇನೆ’ ಅನ್ನಲ್ಲ, ‘ಕೂತಿದ್ದೇನೆ’ ಅಂತೀವಿ, ಅಲ್ವಾ? ಕೊರಿಯನ್ನರೂ ಹಾಗೇ. ಕೆಲಸ ಮುಗಿದು ಆ ಸ್ಥಿತಿ ಉಳಿದಿದ್ದರೆ ‘ಆನ್ಜಾ ಇಸ್ಸೊಯೊ’. ‘ಆನ್ಕೊ ಇಸ್ಸೊಯೊ’ ಅಂದರೆ ನೀವು ಇನ್ನೂ ಮಂಡಿ ಮಡಿಸುತ್ತಿದ್ದೀರಿ ಅಂತ.

‘ಓಗೊ ಇಸ್ಸೊಯೊ’ ಬರುತ್ತಿದ್ದಾನೆ, ‘ವಾ ಇಸ್ಸೊಯೊ’ ಬಂದಿದ್ದಾನೆ, ಇಲ್ಲೇ ಇದ್ದಾನೆ. ಗೆಳೆಯನಿಗೆ ‘ನೀನು ಮೊದಲು ಹೋಗಿರು, ನಾನು ಬರ್ತೀನಿ’ ಅನ್ನುವಾಗಿನ ಆ ‘ಹೋಗಿರು’ ಇದೆಯಲ್ಲ, ಅದು ‘ಕಾ ಇಸ್ಸೊ’. ‘ಹೋಗಿ’ಗೆ ‘ಕಾ’, ‘ಇರು’ಗೆ ‘ಇಸ್ಸೊ’. ಇಂಗ್ಲಿಷ್‌ನಲ್ಲಿ ಇದನ್ನು ಹೇಳಲು ಒದ್ದಾಡಬೇಕು.

ಆದರೆ ಕನ್ನಡವನ್ನೇ ಕಣ್ಣು ಮುಚ್ಚಿ ನಂಬಬೇಡಿ. ‘ಊಟ ಮಾಡಿದ್ದೇನೆ’ಗೆ ಈ ರೂಪ ಬರಲ್ಲ. ಏನನ್ನೋ ತಿನ್ನುವ, ಓದುವ, ಕೊಳ್ಳುವ ಕ್ರಿಯಾಪದಗಳಿಗೆ ಇದು ಹೊಂದಲ್ಲ. ಅಲ್ಲಿ ಸೀದಾ ಭೂತಕಾಲ: ‘ಮೊಗೊಸ್ಸೊಯೊ’. ಬಟ್ಟೆಯ ವಿಷಯ ಇನ್ನೂ ತರಲೆ. ಅಂಗಿ ಹಾಕಿಕೊಳ್ಳುತ್ತಿದ್ದರೂ ‘ಇಪ್ಕೊ ಇಸ್ಸೊಯೊ’, ಹಾಕಿಕೊಂಡಿದ್ದರೂ ಅದೇ. ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬೇಕು.

ಇನ್ನೊಂದು ಮಾತು. ಫೋನಿನಲ್ಲಿ ‘ಏನ್ಮಾಡ್ತಿದ್ದೀರಾ?’ ಅಂತ ಕೇಳೋಕೆ ಸುಮ್ನೆ ‘ಮ್ವೊ ಹೆಯೊ?’ ಸಾಕು. ‘ಪಾಪ್ ಮೊಗೊಯೊ’ ಅಂದರೆ ಊಟ ಮಾಡ್ತಾ ಇದ್ದೀನಿ. ಪ್ರತಿ ಸಲ ‘ಕೊ ಇಸ್ಸೊಯೊ’ ತುರುಕಬೇಕಿಲ್ಲ. ರಸ್ತೆ ಅಗೆಯುವ ಕಡೆ ಹಾಕುವ ಬೋರ್ಡಿನಲ್ಲಂತೂ ಕ್ರಿಯಾಪದವೇ ಇರಲ್ಲ, ‘ಕೊಂಗ್ಸಾ ಜುಂಗ್’ ಅಷ್ಟೇ. ಕಾಮಗಾರಿ ನಡೆಯುತ್ತಿದೆ ಅಂತ.

ಹಿರಿಯರ ಬಗ್ಗೆ ಹೇಳುವಾಗ ‘ಇಸ್ಸೊಯೊ’ ಹೋಗಿ ‘ಕೆಸೆಯೊ’ ಬರುತ್ತೆ. ‘ಅಜ್ಜಿ ಮಲಗಿದ್ದಾರೆ’ ಅಂತ ಬರೆಯೋ ಮೊದಲು ಮಾತ್ರ ಒಮ್ಮೆ ಇಣುಕಿ ನೋಡಿ. ನಿದ್ದೆ ಹತ್ತಿದ್ದರೆ ‘ಜುಮುಶಿಗೊ ಕೆಸೆಯೊ’. ಸುಮ್ನೆ ಕಾಲು ಚಾಚಿ ಒರಗಿದ್ದರೆ ‘ನುವೊ ಕೆಸೆಯೊ’.